ಮಲೆನಾಡಿನ ಮೇಲೊಂದು ನೇರ ಗೆರೆ

ಸಾಗರದಿಂದ ಹೊಸನಗರಕ್ಕೆ, ಅಲ್ಲಿಂದ ತೀರ್ಥಹಳ್ಳಿಗೆ ಬಸ್ಸಿನಲ್ಲಿ ಓಡಾಡಿದವರಿಗೆ ಗೊತ್ತು, ಈ ಸೀಮೆಯಲ್ಲಿ ನೇರ ರಸ್ತೆ ಎನ್ನುವುದು ಒಂದೆರಡು ಫರ್ಲಾಂಗು ಸಿಕ್ಕರೆ ಹೆಚ್ಚು. ಗುಡ್ಡ ಅಡ್ಡ ಬಂದರೆ ರಸ್ತೆ ಬಳಸುತ್ತದೆ, ಹಳ್ಳ ಬಂದರೆ ಇಳಿದು ಹತ್ತುತ್ತದೆ, ಶರಾವತಿಯ ಹಿನ್ನೀರು ಎದುರಾದರೆ ಮೈಲಿಗಟ್ಟಲೆ ಸುತ್ತುತ್ತದೆ. ಬಸ್ಸಿನ ಕಿಟಕಿ ಪಕ್ಕ ಕೂತ ಮಕ್ಕಳ ಕೈಗೆ ಅಮ್ಮಂದಿರು ನಿಂಬೆಹಣ್ಣು ಕೊಡುತ್ತಿದ್ದುದು ಅದಕ್ಕೇ. ಅಡಿಕೆ ತೋಟಗಳೂ ಹಾಗೆಯೇ. ಕಣಿವೆ ಹೇಗೆ ಬಾಗಿದೆಯೋ ತೋಟವೂ ಹಾಗೆ ಬಾಗಿಕೊಂಡು ಹೋಗುತ್ತದೆ.

ಅಂಥ ಊರೊಂದರ ಉಪ್ಪರಿಗೆಯ ಕೋಣೆಯಲ್ಲಿ, ಹೆಂಚಿನ ಮೇಲೆ ಮಳೆ ಹೊಯ್ಯುತ್ತಿದ್ದ ಒಂದು ರಾತ್ರಿ, ನನ್ನ ಅಣ್ಣನ ಮಗ ನಕ್ಷೆಯ ಮೇಲೆ ಸ್ಕೇಲಿಟ್ಟು ಎರಡು ಗೆರೆ ಎಳೆದ. ಸಾಗರದಿಂದ ಹೊಸನಗರಕ್ಕೆ ಒಂದು, ಹೆಚ್ಚುಕಡಿಮೆ ದಕ್ಷಿಣಾಭಿಮುಖ, ಸುಮಾರು 29 ಕಿ.ಮೀ. ಹೊಸನಗರದಿಂದ ತೀರ್ಥಹಳ್ಳಿಗೆ ಇನ್ನೊಂದು, ಆಗ್ನೇಯಕ್ಕೆ, ಸುಮಾರು 31 ಕಿ.ಮೀ. ಎರಡೂ ಸೇರಿದರೆ 60. ನೂರು ನಾಟ್, ಎಂದರೆ ಗಂಟೆಗೆ 185 ಕಿ.ಮೀ. ವೇಗದ ಸಣ್ಣ ವಿಮಾನಕ್ಕೆ ಇಪ್ಪತ್ತು ನಿಮಿಷದ ದಾರಿ.

"ಇಷ್ಟೇ ಚಿಕ್ಕಪ್ಪ, ಇಪ್ಪತ್ತು ನಿಮಿಷ ನೇರ ಹೋದ್ರೆ ಆಯ್ತು" ಅಂದ.

ಆ ಇಪ್ಪತ್ತು ನಿಮಿಷ ನೇರ ಹೋಗುವುದನ್ನು ಕಲಿಯಲು ನಮ್ಮಿಬ್ಬರಿಗೂ ಇಡೀ ಮಳೆಗಾಲ ಹಿಡಿಯಿತು.

2020ರ ಮಳೆಗಾಲ ಅದು. ಬೆಂಗಳೂರಿನ ಕಂಪನಿಗಳಲ್ಲಿದ್ದ ಮಕ್ಕಳೆಲ್ಲ ಲ್ಯಾಪ್‌ಟಾಪ್ ಹೊತ್ತುಕೊಂಡು ಊರಿಗೆ ಬಂದಿದ್ದರು. ನೆಟ್‌ವರ್ಕ್ ಸಿಗುವ ಗುಡ್ಡ ಹುಡುಕಿ, ತಾಡಪಾಲು ಕಟ್ಟಿಕೊಂಡು, ಅದರಡಿ ಕೂತು ಕೆಲಸ ಮಾಡುತ್ತಿದ್ದರು. ಅದೇ ಆಗಸ್ಟ್ 18ರಂದು ಮೈಕ್ರೋಸಾಫ್ಟಿನ ಹೊಸ ಫ್ಲೈಟ್ ಸಿಮ್ಯುಲೇಟರ್ ಬಿಡುಗಡೆಯಾಯಿತು. ಇಡೀ ಭೂಮಿಯನ್ನು ಉಪಗ್ರಹ ಚಿತ್ರಗಳಿಂದ ಕಟ್ಟಿ ಕಂಪ್ಯೂಟರಿನೊಳಗೆ ಇಟ್ಟ ಸಾಹಸ. ಆದರೆ ಅಷ್ಟು ದೊಡ್ಡ ಸರಕು ನಮ್ಮ ಮನೆಯ ಇಂಟರ್ನೆಟ್ಟಿನಲ್ಲಿ ಇಳಿಯುವಂಥದ್ದಾಗಿರಲಿಲ್ಲ. ಹುಡುಗ ಫ್ಲೈಟ್‌ಗೇರ್ ಹಾಕಿಕೊಂಡ. 1990ರ ದಶಕದಿಂದ ಸ್ವಯಂಸೇವಕರು ಕಟ್ಟುತ್ತ ಬಂದ, ದುಡ್ಡು ಕೊಡಬೇಕಿಲ್ಲದ, ಒಳಗಿನ ಲೆಕ್ಕಾಚಾರವನ್ನು ಯಾರು ಬೇಕಾದರೂ ಬಿಚ್ಚಿ ನೋಡಬಹುದಾದ ಸಿಮ್ಯುಲೇಟರ್ ಅದು. ವಿಮಾನ, ಎಲ್ಲರೂ ಮೊದಲು ಹತ್ತುವ ಸೆಸ್ನಾ 172. 1955ರಲ್ಲಿ ಮೊದಲ ಬಾರಿ ಹಾರಿದ ನಾಲ್ಕು ಸೀಟಿನ ಈ ವಿಮಾನ ಈವರೆಗೆ 44,000ಕ್ಕೂ ಹೆಚ್ಚು ತಯಾರಾಗಿದೆ. ಜಗತ್ತಿನಲ್ಲಿ ಬೇರೆ ಯಾವ ವಿಮಾನವೂ ಇಷ್ಟು ಸಂಖ್ಯೆಯಲ್ಲಿ ತಯಾರಾಗಿಲ್ಲ. ಶಿವಮೊಗ್ಗದ ಸೋಗಾನೆಯಲ್ಲಿ ಆಗಿನ್ನೂ ವಿಮಾನ ನಿಲ್ದಾಣ ಇರಲಿಲ್ಲ. ಹಾಗಾಗಿ ನಮ್ಮ ಪ್ರಯಾಣ ಸಾಗರ ಪೇಟೆಯ ಮೇಲೆ, 5,500 ಅಡಿ ಎತ್ತರದಲ್ಲಿ, ಗಾಳಿಯಲ್ಲೇ ಶುರುವಾಗುತ್ತಿತ್ತು.

ಶುರುವಾದ ಗಳಿಗೆಯಿಂದ ವಿಮಾನ ಎಡಕ್ಕೆ ಎಳೆಯಿತು. ಜಾಯ್‌ಸ್ಟಿಕ್ ಬಲಕ್ಕೆ ಒತ್ತಿದರೆ ಬಲಕ್ಕೆ ವಾಲಿತು, ಬಿಟ್ಟರೆ ಮತ್ತೆ ಎಡಕ್ಕೆ. ಮೂಗು ಎತ್ತಿದರೆ ಏರಿತು, ಇಳಿಸಿದರೆ ಧುಮುಕಿತು. ಹೊಸನಗರ ಬರಬೇಕಾದ ಹೊತ್ತಿಗೆ ನಾವು ರಿಪ್ಪನ್‌ಪೇಟೆಯ ಕಡೆಯ ಕಾಡಿನ ಮೇಲೆ ಸುತ್ತುತ್ತಿದ್ದೆವು.

ಸಿಮ್ಯುಲೇಟರಿನಲ್ಲಿ ವಿಮಾನ ನೇರ ಹೋಗದಿದ್ದರೆ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಎಳೆಯುತ್ತಿರುವುದು ವಿಮಾನವೋ, ಮೇಜಿನ ಮೇಲಿನ ಕಡ್ಡಿಯೋ? ಇದನ್ನು ಬಗೆಹರಿಸಿಕೊಳ್ಳದೆ ಮುಂದೆ ಹೋದರೆ ತಿಂಗಳುಗಟ್ಟಲೆ ಕೂತರೂ ಪ್ರಯೋಜನವಿಲ್ಲ. ನಮ್ಮದು ಯಾರೋ ಬಳಸಿ ಬಿಟ್ಟ ಜಾಯ್‌ಸ್ಟಿಕ್. ಅಗ್ಗದ ಜಾಯ್‌ಸ್ಟಿಕ್ಕುಗಳ ಒಳಗಿರುವುದು ಪೊಟೆನ್ಷಿಯೋಮೀಟರ್, ರೇಡಿಯೋದ ವಾಲ್ಯೂಮ್ ಗುಂಡಿಯ ಹಿಂದೆ ಇರುತ್ತದಲ್ಲ, ಅದೇ. ಹಳೇ ರೇಡಿಯೋದ ವಾಲ್ಯೂಮ್ ತಿರುಗಿಸಿದರೆ ಕರಕರ ಅನ್ನುತ್ತದೆ. ಒಳಗಿನ ಪಟ್ಟಿ ಸವೆದು, ಧೂಳು ಕೂತು, ನಮ್ಮಲ್ಲಾದರೆ ಮಳೆಗಾಲದ ಥಂಡಿಯೂ ಸೇರಿ ಆಗುವ ಸದ್ದು. ಜಾಯ್‌ಸ್ಟಿಕ್ಕಿನಲ್ಲಿ ಆ ಕರಕರ ಕಿವಿಗೆ ಕೇಳಿಸುವುದಿಲ್ಲ, ರೆಕ್ಕೆಯ ನಡುಕವಾಗಿ ಕಾಣಿಸುತ್ತದೆ. ಕೈ ಬಿಟ್ಟಾಗಲೂ ಕಡ್ಡಿ ನಡುವಿನಲ್ಲಿಲ್ಲ ಎಂದು ಕಂಪ್ಯೂಟರಿಗೆ ಹೇಳುತ್ತಿರುತ್ತದೆ. ಆಯಸ್ಕಾಂತದಿಂದ ಕೆಲಸ ಮಾಡುವ ಹಾಲ್ ಸೆನ್ಸರಿನ ಕಡ್ಡಿಗಳಲ್ಲಿ ಒಂದಕ್ಕೊಂದು ಉಜ್ಜುವ ಭಾಗವೇ ಇಲ್ಲ, ಆದ್ದರಿಂದ ಈ ತೊಂದರೆ ಕಡಿಮೆ, ಬೆಲೆ ಹೆಚ್ಚು.

ಪರೀಕ್ಷೆ ಸುಲಭ. ಕಂಪ್ಯೂಟರಿನ ಕ್ಯಾಲಿಬ್ರೇಷನ್ ಪರದೆ ತೆರೆದು, ಕೈ ಬಿಟ್ಟು, ಚುಕ್ಕೆ ಎಲ್ಲಿ ನಿಲ್ಲುತ್ತದೆ ನೋಡಬೇಕು. ನಮ್ಮ ಚುಕ್ಕೆ ಎಡಕ್ಕೆ ಸರಿದು ನಡುಗುತ್ತಿತ್ತು. ಮರಳಿ ಕ್ಯಾಲಿಬ್ರೇಟ್ ಮಾಡಿ, ನಡುವಿನ ಶೇ 4ರಷ್ಟು ಜಾಗವನ್ನು ಡೆಡ್‌ಝೋನ್ ಎಂದು ಕೊಟ್ಟೆವು. ಅಷ್ಟರೊಳಗೆ ಕಡ್ಡಿ ಅಲ್ಲಾಡಿದರೂ ವಿಮಾನ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಇದನ್ನು ಹೆಚ್ಚು ಕೊಟ್ಟರೂ ಕೆಡುಕೇ. ಸಣ್ಣ ತಿದ್ದುಪಡಿಗಳೆಲ್ಲ ಆ ಹೊಂಡದಲ್ಲಿ ಬಿದ್ದು ಹೋಗುತ್ತವೆ. ಒಂದೇ ಕೆಲಸಕ್ಕೆ ಎರಡು ಸಲಕರಣೆಗಳನ್ನು, ಎಂದರೆ ಕಡ್ಡಿಯನ್ನೂ ಪೆಡಲನ್ನೂ ಒಟ್ಟಿಗೆ ರಡ್ಡರಿಗೆ, ಕಾಲಿನಿಂದ ಆಡಿಸುವ ಬಾಲದ ಚುಕ್ಕಾಣಿಗೆ, ಜೋಡಿಸಿಕೊಂಡು ಒದ್ದಾಡುವವರೂ ಇದ್ದಾರೆ. ಅದನ್ನೂ ನೋಡಿಕೊಳ್ಳಬೇಕು.

ಇಷ್ಟು ಮಾಡಿದ ಮೇಲೆ ವಿಮಾನ ಸುಮಾರಾಗಿ ನೇರ ಹೋಯಿತು. ಆದರೆ ಥ್ರಾಟಲ್ ಪೂರ್ತಿ ತಳ್ಳಿ ಏರಲು ಹೊರಟರೆ ಸಾಕು, ಮತ್ತೆ ಎಡಕ್ಕೆ. ಕಡ್ಡಿಯ ಚುಕ್ಕೆ ಈಗ ನಡುವಿನಲ್ಲೇ ಇತ್ತು. ಈ ಸಲ ಎಳೆಯುತ್ತಿದ್ದುದು ವಿಮಾನವೇ. ಸಿಮ್ಯುಲೇಟರ್ ಕೆಟ್ಟಿದೆ ಎಂದುಕೊಂಡು ಬಹಳ ಮಂದಿ ಕೈ ಚೆಲ್ಲುವುದು ಇಲ್ಲಿಯೇ. ನನಗೆ ಇಡೀ ವಿಷಯದಲ್ಲಿ ರುಚಿ ಹುಟ್ಟಿದ್ದೂ ಇಲ್ಲಿಯೇ. ಯಂತ್ರ ನಮಗೆ ನಿಜ ಹೇಳುತ್ತಿದೆ ಎಂದು ಗೊತ್ತಾದ ಮೇಲೆ ಅದರ ಜೊತೆ ಕೂರುವ ರೀತಿಯೇ ಬೇರೆಯಾಗುತ್ತದೆ.

ಸೆಸ್ನಾದ ಪ್ರೊಪೆಲ್ಲರ್ ಚಾಲಕನ ಸೀಟಿನಿಂದ ನೋಡಿದರೆ ಗಡಿಯಾರದ ಮುಳ್ಳಿನಂತೆ ಬಲಕ್ಕೆ ತಿರುಗುತ್ತದೆ. ಎಂಜಿನ್ ಅದನ್ನು ಬಲಕ್ಕೆ ತಿರುಗಿಸಿದಾಗ ವಿಮಾನದ ಮೈ ಎಡಕ್ಕೆ ಹೊರಳಲು ನೋಡುತ್ತದೆ. ಪ್ರೊಪೆಲ್ಲರ್ ಹಿಂದಕ್ಕೆ ತಳ್ಳಿದ ಗಾಳಿ ಮೈಯನ್ನು ಬಳ್ಳಿಯಂತೆ ಸುತ್ತಿಕೊಂಡು ಹೋಗಿ ಬಾಲದ ನಿಂತ ರೆಕ್ಕೆಯ ಎಡಮಗ್ಗುಲಿಗೆ ಬಡಿಯುತ್ತದೆ. ಬಾಲ ಬಲಕ್ಕೆ ಹೋಗುತ್ತದೆ, ಮೂಗು ಎಡಕ್ಕೆ ಬರುತ್ತದೆ. ಮೂಗು ಎತ್ತಿ ಏರುವಾಗ ಬಲಗಡೆ ಕೆಳಗಿಳಿಯುವ ಅಲಗು, ಎಡಗಡೆ ಮೇಲೇರುವ ಅಲಗಿಗಿಂತ ಹೆಚ್ಚು ಗಾಳಿಯನ್ನು ಕಚ್ಚುತ್ತದೆ. ಬಲಗಡೆ ಎಳೆತ ಹೆಚ್ಚಿ ಮೂಗು ಮತ್ತೂ ಎಡಕ್ಕೆ. ನಾಲ್ಕನೆಯದು ಬುಗುರಿಯ ಗುಣ. ತಿರುಗುತ್ತಿರುವ ಚಕ್ರವನ್ನು ಒಂದು ಕಡೆ ಬಾಗಿಸಿದರೆ ಅದು ತೊಂಬತ್ತು ಡಿಗ್ರಿ ಆಚೆ ಪ್ರತಿಕ್ರಿಯಿಸುತ್ತದೆ. ಬಾಲದಡಿ ಚಕ್ರವಿರುವ ಹಳೆಯ ವಿಮಾನಗಳು ರನ್‌ವೇ ಮೇಲೆ ಓಡುತ್ತ ಬಾಲ ಎತ್ತುವಾಗ ಇದು ಎದ್ದು ಕಾಣುತ್ತದೆ.

ನಾಲ್ಕೂ ಸೇರಿ ಎಡಕ್ಕೇ ಎಳೆಯುತ್ತವೆ. ಹಾಗೆಂದು ಎಲ್ಲ ವಿಮಾನಕ್ಕೂ ಎಡವೇ ಎಂದಲ್ಲ. ಒಂದು ಕಾಲದಲ್ಲಿ ನಮ್ಮ ಫ್ಲೈಯಿಂಗ್ ಕ್ಲಬ್ಬುಗಳಲ್ಲಿ ಎಲ್ಲರೂ ಕಲಿಯುತ್ತಿದ್ದ ಬ್ರಿಟಿಷ್ ಟೈಗರ್ ಮಾತ್ ವಿಮಾನದ ಎಂಜಿನ್ ತಿರುಗುವುದು ಉಲ್ಟಾ. ಅದು ಬಲಕ್ಕೆ ಎಳೆಯುತ್ತಿತ್ತು. ಸೆಸ್ನಾ ಮಾಡುವವರಿಗೂ ಇದೆಲ್ಲ ಗೊತ್ತು. ರಡ್ಡರಿನ ತುದಿಗೆ ನೆಲದ ಮೇಲಿರುವಾಗ ಕೈಯಿಂದ ಬಗ್ಗಿಸುವ ಸಣ್ಣ ತಗಡೊಂದನ್ನು ಕೊಟ್ಟಿರುತ್ತಾರೆ. ಅದನ್ನು ಸಮವೇಗದ ಹಾರಾಟಕ್ಕೆ ಸರಿಯಾಗಿ ಬಗ್ಗಿಸಿಟ್ಟಿರುತ್ತಾರೆ. ಅದಕ್ಕಿಂತ ನಿಧಾನವಾಗಿ ಏರುವಾಗ ಬಲಗಾಲು ಬೇಕು, ಎಂಜಿನ್ ತಗ್ಗಿಸಿ ಇಳಿಯುವಾಗ ತುಸು ಎಡಗಾಲು.

ಕಾಲು ಎಂದ ಮೇಲೆ ಪೆಡಲ್ ಬೇಕಲ್ಲ. ಊರಿನ ಆಚಾರ್ರು ಹಲಸಿನ ಹಲಗೆಯಲ್ಲಿ ಎರಡು ಪೆಡಲ್ ಮಾಡಿಕೊಟ್ಟರು. ಒಂದು ಒತ್ತಿದರೆ ಇನ್ನೊಂದು ಹಿಂದೆ ಬರಬೇಕು ಎಂದಾಗ "ತಕ್ಕಡಿ ಹಾಗಲ್ವಾ" ಎಂದು ನಡುವೆ ಒಂದು ಅಡ್ಡಪಟ್ಟಿಗೆ ಮೊಳೆ ಹೊಡೆದರು. ಎರಡು ಸ್ಪ್ರಿಂಗು, ವಾಲ್ಯೂಮ್ ಗುಂಡಿಯ ಹಿಂದಿನ ಪೊಟೆನ್ಷಿಯೋಮೀಟರ್ ಒಂದು ಸೇರಿಸಿದೆವು. ಈಗಲೂ ಕೆಲಸ ಮಾಡುತ್ತಿದೆ.

ಕಾಲು ಎಷ್ಟು ಒತ್ತಬೇಕೆಂದು ಹೇಳುವುದು ಒಂದು ಗುಂಡು. ವಿಮಾನದ ಮುಂದಿನ ಫಲಕದಲ್ಲಿ ಬಾಗಿದ ಗಾಜಿನ ಕೊಳವೆಯೊಳಗೆ, ದ್ರವದಲ್ಲಿ ಮುಳುಗಿ ಕೂತಿರುತ್ತದೆ. ಗಾರೆಯವರ ರಸಮಟ್ಟ ನೆನಪಾಗುತ್ತದೆ. ವ್ಯತ್ಯಾಸವೆಂದರೆ ರಸಮಟ್ಟದಲ್ಲಿ ಓಡುವುದು ಗಾಳಿಗುಳ್ಳೆ, ಎತ್ತರದ ಕಡೆಗೆ ಹೋಗುತ್ತದೆ, ಇದು ಭಾರದ ಗುಂಡು. ಗುಂಡು ಬಲಕ್ಕೆ ಸರಿದರೆ ಬಲಗಾಲು, ಎಡಕ್ಕೆ ಸರಿದರೆ ಎಡಗಾಲು. ಗುಂಡನ್ನು ಮೆಟ್ಟು ಎನ್ನುವುದು ಕಲಿಸುವವರ ಮಾತು. ವಿಮಾನ ಅಡ್ಡಡ್ಡ ಜಾರುತ್ತಿದೆಯೋ ಇಲ್ಲವೋ ಎಂದು ಕೂತವನ ಸೊಂಟಕ್ಕೆ ನಿಜವಾದ ವಿಮಾನದಲ್ಲಿ ತಿಳಿಯುತ್ತದೆ. ಮನೆಯ ಕುರ್ಚಿಯಲ್ಲಿ ಸೊಂಟಕ್ಕೆ ಏನೂ ತಿಳಿಯುವುದಿಲ್ಲ. ಹಾಗಾಗಿ ಸಿಮ್ಯುಲೇಟರಿನವರಿಗೆ ಆ ಗುಂಡು ಇನ್ನೂ ದೊಡ್ಡ ಆಸರೆ.

ಕಡ್ಡಿ ಒತ್ತಿದ ಕಡೆಗೇ ಮೂಗು ತಿರುಗುತ್ತದೆ ಎಂಬ ನಂಬಿಕೆಯೂ ಇಲ್ಲಿ ಕೈಕೊಡುತ್ತದೆ. ಎಡಕ್ಕೆ ವಾಲಿಸಿದಾಗ ಬಲ ರೆಕ್ಕೆಯ ಹಿಂದಂಚಿನ ಪಟ್ಟಿ, ಏಲರಾನ್, ಕೆಳಗಿಳಿದು ಆ ರೆಕ್ಕೆಯನ್ನು ಎತ್ತುತ್ತದೆ; ಎತ್ತಿದ್ದಕ್ಕೆ ಬೆಲೆಯಾಗಿ ಗಾಳಿಯ ಅಡೆತಡೆಯೂ ಅಲ್ಲಿ ಹೆಚ್ಚುತ್ತದೆ. ಮೂಗು ಒಂದು ಕ್ಷಣ ಬಲಕ್ಕೇ ಹೋಗುತ್ತದೆ. ಟಿಲ್ಲರ್ ಹೊಡೆಯುವವರಿಗೆ ಇಂಥದ್ದೊಂದು ಉಲ್ಟಾ ಗೊತ್ತು. ಇಳಿಜಾರಿನಲ್ಲಿ ಎಡಗಡೆಯ ಸ್ಟೇರಿಂಗ್ ಕ್ಲಚ್ ಹಿಡಿದರೆ ಟಿಲ್ಲರ್ ಬಲಕ್ಕೆ ತಿರುಗುತ್ತದೆ. ಕಾರಣ ಬೇರೆ, ಬೆಚ್ಚಿಬೀಳುವುದು ಒಂದೇ. ನೇರ ಹಾರುವಾಗ ಪುಟ್ಟ ಪುಟ್ಟ ತಿದ್ದುಪಡಿಗೂ ಕೈಯ ಜೊತೆ ಕಾಲು ಹೋಗಬೇಕಾದದ್ದು ಇದಕ್ಕೇ. ಕಾಲು ಮರೆತು ಕೈಯೊಂದರಲ್ಲೇ ತಿದ್ದುವವನ ವಿಮಾನ ಹಾವಿನ ಹಾಗೆ ಬಳುಕುತ್ತ ಹೋಗುತ್ತದೆ.

ಇನ್ನು ಎತ್ತರದ ಮಾತು. ನೇರ ಎಂದರೆ ಎಡಬಲ ಮಾತ್ರವಲ್ಲ, ಮೇಲೆ ಕೆಳಗೂ ಹೌದು. ನಾವು ಅತಿ ಹೆಚ್ಚು ಒದ್ದಾಡಿದ್ದು ಇದರಲ್ಲಿ.

ಎತ್ತಿನ ಗಾಡಿಗೆ ಗೊಬ್ಬರ ತುಂಬುವವರು ಭಾರ ಎಲ್ಲಿ ಬೀಳುತ್ತದೆ ಎಂದು ನೋಡಿಕೊಂಡೇ ತುಂಬುತ್ತಿದ್ದರು. ಮುಂದೆ ಹೆಚ್ಚಾದರೆ ನೊಗ ಎತ್ತಿನ ಹೆಗಲು ಒತ್ತುತ್ತದೆ, ಹಿಂದೆ ಹೆಚ್ಚಾದರೆ ಮೂಕಿ ಮೇಲೇಳುತ್ತದೆ. ವಿಮಾನದಲ್ಲಿ ಈ ಸಮತೂಕವನ್ನು ಹಾರುತ್ತಲೇ ಮಾಡಿಕೊಳ್ಳಲು ಟ್ರಿಮ್ ಚಕ್ರ ಇದೆ. ಬಾಲದಲ್ಲಿ ಮೂಗನ್ನು ಎತ್ತಿಳಿಸುವ ಎಲಿವೇಟರಿನ ತುದಿಯ ಚಿಕ್ಕ ಪಟ್ಟಿಯೊಂದನ್ನು ಅದು ಮೇಲೆ ಕೆಳಗೆ ಮಾಡುತ್ತದೆ. ಸೆಸ್ನಾದಲ್ಲಿ ಎರಡು ಸೀಟುಗಳ ನಡುವೆ, ಅಂಗೈ ಅಗಲದ ಚಕ್ರ. ಮೊದಲು ಮೂಗನ್ನು ಬೇಕಾದಲ್ಲಿ ಹಿಡಿದು, ವೇಗ ನೆಲೆಗೊಳ್ಳುವ ತನಕ ಕಾದು, ಕೈಗೆ ಬೀಳುತ್ತಿರುವ ಭಾರ ಇಲ್ಲವಾಗುವವರೆಗೆ ಚಕ್ರ ತಿರುಗಿಸಬೇಕು. ಆಮೇಲೆ ಕೈ ಬಿಟ್ಟರೂ ವಿಮಾನ ಆ ವೇಗವನ್ನು ಹಿಡಿದುಕೊಂಡಿರುತ್ತದೆ. ಟ್ರಿಮ್ ಕಾಪಾಡುವುದು ವೇಗವನ್ನು, ಎತ್ತರವನ್ನಲ್ಲ. ಎತ್ತರಕ್ಕೆ ಥ್ರಾಟಲ್ ಹೊಂದಿಸಬೇಕು. ಇದು ತಲೆಗೆ ಹೋಗಲು ನನಗೆ ಬಹಳ ದಿನ ಬೇಕಾಯಿತು.

ಮನೆಯ ಕಡ್ಡಿಯಲ್ಲಿ ಇನ್ನೊಂದು ತೊಡಕು. ನಿಜವಾದ ವಿಮಾನದಲ್ಲಿ ಟ್ರಿಮ್ ತಿರುಗಿಸಿದಂತೆ ಹಿಡಿಕೆಯ ಮೇಲಿನ ಭಾರ ಇಳಿಯುತ್ತದೆ, ಹಿಡಿಕೆ ಇದ್ದಲ್ಲೇ ಇರುತ್ತದೆ. ಸ್ಪ್ರಿಂಗಿನ ಜಾಯ್‌ಸ್ಟಿಕ್ಕಿಗೆ ಆ ಭಾರ ಗೊತ್ತೇ ಇಲ್ಲ. ಅದು ಯಾವಾಗಲೂ ನಡುವಿಗೇ ಎಳೆಯುತ್ತದೆ. ಹಾಗಾಗಿ ಟ್ರಿಮ್ಮನ್ನು ಚೂರು ಚೂರೇ ಕೊಡುತ್ತ, ಕೊಟ್ಟಷ್ಟೇ ಕಡ್ಡಿಯನ್ನು ನಡುವಿನ ಕಡೆಗೆ ಸಡಿಲ ಬಿಡುತ್ತ ಬರಬೇಕು, ಕಣ್ಣು ಮೂಗಿನ ಮೇಲಿಟ್ಟು. ಮೂಗು ಅಲ್ಲಾಡದೆ ಕಡ್ಡಿ ನಡುವಿಗೆ ಬಂದು ತಲುಪಿತೆಂದರೆ ಟ್ರಿಮ್ ಕೂತಿತು. ಮಗುವನ್ನು ತೊಟ್ಟಿಲಿಗೆ ಹಾಕಿ ಕೈ ಹಿಂದಕ್ಕೆ ತೆಗೆದುಕೊಳ್ಳುವ ಹಾಗೆ, ಅಷ್ಟು ನಿಧಾನ.

ಆತುರಪಟ್ಟರೆ ಏನಾಗುತ್ತದೆ? ಮೂಗು ಇಳಿಯಿತೆಂದು ಎಳೆಯುತ್ತೇವೆ, ಏರಿತೆಂದು ತಳ್ಳುತ್ತೇವೆ, ಅಷ್ಟರಲ್ಲಿ ಅದು ತಾನಾಗಿಯೇ ಇಳಿಯಲು ಹೊರಟಿರುತ್ತದೆ. ವಿಮಾನಕ್ಕೆ ತನ್ನದೇ ಒಂದು ಜೋಕಾಲಿ ಇದೆ. ವೇಗ ಹೆಚ್ಚಿದರೆ ಏರುತ್ತದೆ, ಏರಿ ವೇಗ ಕಳೆದುಕೊಂಡು ಇಳಿಯುತ್ತದೆ, ಇಳಿದು ವೇಗ ಪಡೆದು ಮತ್ತೆ ಏರುತ್ತದೆ. ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ 1908ರಲ್ಲಿ ಇದಕ್ಕೆ ಫ್ಯುಗಾಯ್ಡ್ ಎಂದು ಹೆಸರಿಟ್ಟ. ಸೆಸ್ನಾದಂಥ ವಿಮಾನದಲ್ಲಿ ಒಂದು ಜೋಕಾಲಿಗೆ ಅರ್ಧ ನಿಮಿಷದ ಆಸುಪಾಸು. ಸುಮ್ಮನೆ ಬಿಟ್ಟರೆ ನಾಲ್ಕಾರು ಸಲ ತೂಗಿ ತಾನೇ ಅಡಗುತ್ತದೆ. ನಾವು ಅದರ ಹಿಂದೆ ಬಿದ್ದು ತಳ್ಳಿ ಎಳೆದು ಮಾಡಿದರೆ ಹೆಚ್ಚುತ್ತಲೇ ಹೋಗುತ್ತದೆ. ಮೊದಲ ವಾರಗಳಲ್ಲಿ ನಾವು ಮಾಡಿದ್ದು ಅದನ್ನೇ. ಹುಡುಗ ಒಂದು ದಿನ ಸಿಟ್ಟಿನಿಂದ ಕಡ್ಡಿ ಬಿಟ್ಟು ಎದ್ದು ನಿಂತ. ವಿಮಾನ ಎರಡು ನಿಮಿಷದಲ್ಲಿ ತಾನೇ ಸಮ ಆಯಿತು. ಇಬ್ಬರೂ ಮಾತಾಡದೆ ಅದನ್ನೇ ನೋಡುತ್ತ ನಿಂತಿದ್ದೆವು.

ವಿಮಾನ ಕೈ ಬಿಟ್ಟರೂ ದಿಕ್ಕು ಹಿಡಿದು ಹೋಗುವುದಕ್ಕೆ ಅದರ ಬಾಲ ಕಾರಣ. ಬಾಣದ ಹಿಂದೆ ಗರಿ ಕಟ್ಟುವುದೂ ಇದಕ್ಕೇ: ಮೊನೆ ಅತ್ತಿತ್ತ ಸರಿದರೆ ಗಾಳಿ ಗರಿಗೆ ಬಡಿದು ಮತ್ತೆ ಸಾಲಿಗೆ ತರುತ್ತದೆ. ಎಡಬಲ ವಾಲುವ ವಿಷಯದಲ್ಲಿ ಮಾತ್ರ ವಿಮಾನಕ್ಕೆ ಅಷ್ಟು ನೆನಪಿಲ್ಲ. ಬಹಳಷ್ಟು ಸಣ್ಣ ವಿಮಾನಗಳು ಒಂದು ಕಡೆ ವಾಲಿದರೆ ನಿಧಾನವಾಗಿ ಅದೇ ಕಡೆಗೆ ಇನ್ನಷ್ಟು ವಾಲುತ್ತ, ಸುರುಳಿ ಸುತ್ತುತ್ತ ಇಳಿಯುತ್ತವೆ. ಎಡ ಟ್ಯಾಂಕಿನ ಪೆಟ್ರೋಲನ್ನೇ ಬಳಸುತ್ತ ಹೋದರೆ ಬಲ ರೆಕ್ಕೆ ಭಾರ. ಎಡ ಸೀಟಿನಲ್ಲಿ ಒಬ್ಬನೇ ಕೂತಿದ್ದರೆ ಎಡ ಭಾರ. ಸಿಮ್ಯುಲೇಟರ್ ಈ ತೂಕಗಳನ್ನೂ ಲೆಕ್ಕ ಹಾಕುತ್ತದೆ.

ಗಾಳಿಯ ವಿಷಯ ಮಲೆನಾಡಿನವರಿಗೆ ಹೆಚ್ಚು ಹೇಳಬೇಕಿಲ್ಲ. ಆಷಾಢದ ಪಡುವಣ ಗಾಳಿ ಹದಿನೈದು ನಾಟ್ ಬೀಸುತ್ತಿದೆ ಎಂದಿಟ್ಟುಕೊಳ್ಳಿ. ಸಾಗರದಿಂದ ದಕ್ಷಿಣಕ್ಕೆ ಮೂಗು ಮಾಡಿ, ಗುಂಡು ನಡುವಿನಲ್ಲಿ, ರೆಕ್ಕೆ ಸಮವಾಗಿ, ದಿಕ್ಕಿನ ಮುಳ್ಳು ಅಲ್ಲಾಡದೆ ಒಂಬತ್ತೂವರೆ ನಿಮಿಷ ಹಾರಿದರೂ ಹೊಸನಗರ ಕಾಲಡಿ ಬರುವುದಿಲ್ಲ. ಪೂರ್ವಕ್ಕೆ ನಾಲ್ಕು ಕಿ.ಮೀ. ಆಚೆ ಇರುತ್ತೇವೆ. ವಿಮಾನ ಗಾಳಿಯೊಳಗೆ ನೇರ ಹೋಯಿತು, ಗಾಳಿ ಮಾತ್ರ ನೆಲದ ಮೇಲೆ ಸರಿಯಿತು. ತುಂಬಿದ ತುಂಗೆಯಲ್ಲಿ ದೋಣಿ ದಾಟಿಸುವವರು ಎದುರಿನ ಕಡವಿನ ಕಡೆಗೇ ಮೂತಿ ಮಾಡುವುದಿಲ್ಲ. ಮೇಲ್ಹೊಳೆಗೆ ತಿರುಗಿಸಿ ಹುಟ್ಟು ಹಾಕುತ್ತಾರೆ, ದೋಣಿ ಓರೆಯಾಗಿ ಹೋಗುತ್ತ ಕಡವಿಗೇ ಮುಟ್ಟುತ್ತದೆ. ನಮ್ಮ ಮೂಗನ್ನು ಒಂಬತ್ತು ಡಿಗ್ರಿ ಪಶ್ಚಿಮಕ್ಕೆ ತಿರುಗಿಸಿದರೆ ಹೊಸನಗರ ಕಾಲಡಿಗೇ ಬರುತ್ತದೆ. ಅರವತ್ತಕ್ಕೆ ಒಂದು ಎನ್ನುವುದು ಇದರ ಬಾಯಿಲೆಕ್ಕ: ಒಂದು ಡಿಗ್ರಿ ತಪ್ಪಿದರೆ 60 ಕಿ.ಮೀ. ಹೋಗುವಷ್ಟರಲ್ಲಿ ಒಂದು ಕಿ.ಮೀ. ಆಚೆ. ನಮ್ಮ ಮೂರು ಊರಿನ ದಾರಿ ಸರಿಯಾಗಿ 60 ಆದದ್ದು ಲೆಕ್ಕ ಕಲಿಯಲು ಅನುಕೂಲವೇ ಆಯಿತು.

ಕಣ್ಣೂ ಮೋಸ ಮಾಡುತ್ತದೆ. ನೇರ ಹಾರುವವನು ದಿಗಂತ ನೋಡಿ ಹಾರಬೇಕು, ಫಲಕದ ಮುಳ್ಳುಗಳನ್ನು ನೋಡಿಯಲ್ಲ ಎಂದು ಕಲಿಸುತ್ತಾರೆ. ಅದು ಬಯಲು ಸೀಮೆಯಲ್ಲಿ ಸುಲಭ. ಸಾಗರದಿಂದ ದಕ್ಷಿಣಕ್ಕೆ ಹೋಗುವಾಗ ಬಲಗಡೆ ಘಟ್ಟದ ಅಂಚು, 1,343 ಮೀಟರ್ ಎತ್ತರದ ಕೊಡಚಾದ್ರಿ. ಎಡಗಡೆ ಗುಡ್ಡಗಳು ತಗ್ಗುತ್ತ ಶಿವಮೊಗ್ಗದ ಬಯಲಿಗೆ ಕರಗುತ್ತವೆ. ಮಳೆಗಾಲದ ಮೋಡವೂ ಘಟ್ಟಕ್ಕೆ ಒತ್ತಿಕೊಂಡು ನಿಂತು, ಪೂರ್ವಕ್ಕೆ ಇಳಿಜಾರಾಗಿರುತ್ತದೆ. ಆ ಓರೆಗೆರೆಯನ್ನೇ ದಿಗಂತವೆಂದು ಕಣ್ಣು ಒಪ್ಪಿಕೊಂಡರೆ ಕೈ ಗೊತ್ತಿಲ್ಲದೆಯೇ ಎಡಕ್ಕೆ ವಾಲಿಸುತ್ತದೆ. ನಾವು ರಿಪ್ಪನ್‌ಪೇಟೆ ಕಡೆಗೆ ಹೋಗುತ್ತಿದ್ದುದರಲ್ಲಿ ಇದರ ಪಾಲೂ ಇತ್ತು.

ಮೋಡದೊಳಗೆ ಹೊಕ್ಕರಂತೂ ದಿಗಂತವೇ ಇಲ್ಲ. 1954ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದವರು ಉಪಕರಣ ನೋಡಿ ಹಾರಿಸುವ ಅಭ್ಯಾಸವಿಲ್ಲದ 20 ಜನರಿಗೆ ಕೃತಕವಾಗಿ ಮೋಡದೊಳಗೆ ಹೊಕ್ಕ ಸ್ಥಿತಿ ತಂದು ನೋಡಿದರು. ಇಪ್ಪತ್ತೂ ಜನ ವಿಮಾನದ ಹಿಡಿತ ಕಳೆದುಕೊಂಡರು. ಸರಾಸರಿ 178 ಸೆಕೆಂಡು, ಮೂರು ನಿಮಿಷವೂ ಇಲ್ಲ. ನಮ್ಮ ಮೋಡ ಕೃತಕವಲ್ಲ. ಆಗುಂಬೆ ಇರುವುದು ತೀರ್ಥಹಳ್ಳಿ ತಾಲ್ಲೂಕಿನಲ್ಲಿ, ಹುಲಿಕಲ್ಲು ಹೊಸನಗರ ತಾಲ್ಲೂಕಿನಲ್ಲಿ. ರಾಜ್ಯದ ಮಳೆಯ ಲೆಕ್ಕದಲ್ಲಿ ಒಂದಕ್ಕೊಂದು ಪೈಪೋಟಿ ಮಾಡುವ ಊರುಗಳು ಇವೆರಡೂ. ಸಿಮ್ಯುಲೇಟರಿನಲ್ಲಿ ಜುಲೈ ತಿಂಗಳ ಹವಾಮಾನ ಹಾಕಿ ಆಗುಂಬೆಯ ಕಡೆಗೆ ಹಾರಿದ ರಾತ್ರಿ, ನಾನು ಗಡಿಯಾರ ಹಿಡಿದು ಕೂತಿದ್ದೆ. ಹುಡುಗ ಎರಡು ನಿಮಿಷ ಹತ್ತು ಸೆಕೆಂಡಿಗೆ ಗುಡ್ಡಕ್ಕೆ ಬಡಿದ. ಅವನ ಮುಖ ಬಿಳಿಚಿಕೊಂಡಿತ್ತು. ಮನೆಯ ಸಿಮ್ಯುಲೇಟರಿನಿಂದ ಇಂಥ ಹೆದರಿಕೆಯನ್ನು ಮೈಗೆ ಪೆಟ್ಟಿಲ್ಲದೆ ಪಡೆಯಬಹುದು ಎನ್ನುವುದನ್ನು ನಾನು ಅದರ ಬಹಳ ದೊಡ್ಡ ಉಪಕಾರವೆಂದು ತಿಳಿದಿದ್ದೇನೆ.

ಸಿಮ್ಯುಲೇಟರಿಗೆ ಬೆಲೆ ಬಂದದ್ದೂ ಇದೇ ಹೆದರಿಕೆಯಿಂದ. ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್ಟನ್ ಊರಿನ ಎಡ್ವಿನ್ ಲಿಂಕ್‌ನ ಅಪ್ಪನದು ಪಿಯಾನೊ, ಆರ್ಗನ್ ಮಾಡುವ ಕಾರ್ಖಾನೆ. ಆರ್ಗನ್ ಎಂದರೆ ತಿದಿ ಒತ್ತಿ ಗಾಳಿ ತುಂಬಿ ನುಡಿಸುವ ವಾದ್ಯ. ನಮ್ಮ ಕಂಪನಿ ನಾಟಕಗಳಲ್ಲಿ ಮೇಷ್ಟ್ರು ಕಾಲಿನಿಂದ ತಿದಿ ಒತ್ತಿ ನುಡಿಸುತ್ತಿದ್ದ ಲೆಗ್ ಹಾರ್ಮೋನಿಯಂ ಅದೇ ಮನೆತನದ್ದು. ಲಿಂಕ್ ಅದೇ ತಿದಿಗಳನ್ನು ಮರದ ಪೆಟ್ಟಿಗೆಯಂಥ ವಿಮಾನದಡಿ ಇಟ್ಟು, 1929ರಲ್ಲಿ ಹೊರಳುವ, ವಾಲುವ, ಮೂಗು ಎತ್ತುವ ಯಂತ್ರ ಮಾಡಿದ. ಕೆಲವು ವರ್ಷ ಅದು ಜಾತ್ರೆಯ ಆಟಿಕೆಯಾಗಿಯೇ ಉಳಿದಿತ್ತು. 1934ರಲ್ಲಿ ಅಮೆರಿಕದ ಸೇನೆಯ ಪೈಲಟ್‌ಗಳು ಅಂಚೆ ಸಾಗಿಸಲು ಹೋಗಿ ಕೆಟ್ಟ ಹವೆಯಲ್ಲಿ ಒಬ್ಬರ ಹಿಂದೊಬ್ಬರು ಸತ್ತ ಮೇಲೆ ಸೇನೆ ಆರು ಯಂತ್ರ ಕೊಂಡಿತು. ಮುಂದೆ ಎರಡನೇ ಮಹಾಯುದ್ಧದ ಹೊತ್ತಿಗೆ ಸಾವಿರಾರು ತಯಾರಾದವು. ಹೆಗ್ಗೋಡಿನಲ್ಲಿ ನಾಟಕ ನೋಡುತ್ತ ಬೆಳೆದ ನನಗೆ, ಕತ್ತಲ ಮೋಡದಲ್ಲಿ ನೇರ ಹೋಗಲು ಜನರಿಗೆ ಕಲಿಸಿದ್ದು ಹಾರ್ಮೋನಿಯಂ ತಿದಿ ಎಂಬುದು ಎಷ್ಟು ಸಲ ನೆನೆದರೂ ಹಳತಾಗದ ಸಂಗತಿ.

ಕೈ ಬಿಟ್ಟು ನೇರ ಹಾರಿಸುವ ಯಂತ್ರ ಅದಕ್ಕೂ ಹಳೆಯದು. 1914ರ ಜೂನ್ 18ರಂದು ಪ್ಯಾರಿಸ್ಸಿನಲ್ಲಿ, ಲಾರೆನ್ಸ್ ಸ್ಪೆರ್ರಿ ಎಂಬ ಇಪ್ಪತ್ತೊಂದರ ತರುಣ ಎರಡೂ ಕೈ ಮೇಲೆತ್ತಿ ಜನರ ಮುಂದೆ ಹಾರಿ ಹೋದ. ಅವನ ಮೆಕ್ಯಾನಿಕ್ ರೆಕ್ಕೆಯ ಮೇಲೆ ನಡೆದ. ವಿಮಾನ ವಾಲಲಿಲ್ಲ. ಒಳಗಿದ್ದದ್ದು ಗೈರೋಸ್ಕೋಪ್, ನಿಲ್ಲದೆ ತಿರುಗುವ ಬುಗುರಿ. ದಿಕ್ಕು ತೋರಿಸುವ ಉಪಕರಣದೊಳಗೂ ಅಂಥದ್ದೇ ಬುಗುರಿ ಇದೆ. ಆದರೆ ಕೆಳಗೆ ಭೂಮಿಯೂ ತಿರುಗುತ್ತಿದೆಯಲ್ಲ. ನಮ್ಮ ಅಕ್ಷಾಂಶದಲ್ಲಿ ಆ ಕಾರಣವೊಂದರಿಂದಲೇ ಗಂಟೆಗೆ ಮೂರೂವರೆ ಡಿಗ್ರಿಯಷ್ಟು ವ್ಯತ್ಯಾಸ, ಬೇರಿಂಗಿನ ಘರ್ಷಣೆಯದ್ದು ಬೇರೆ. ಹದಿನೈದು ನಿಮಿಷಕ್ಕೊಮ್ಮೆ ಆಯಸ್ಕಾಂತದ ದಿಕ್ಸೂಚಿ ನೋಡಿ ಸರಿಪಡಿಸಿಕೊಳ್ಳಬೇಕು. ಫ್ಲೈಟ್‌ಗೇರ್, ಎಕ್ಸ್-ಪ್ಲೇನ್‌ನಂಥ ಸಿಮ್ಯುಲೇಟರುಗಳಲ್ಲಿ ಈ ಜಾರುವಿಕೆಯೂ ಇದೆ. ಎಲ್ಲ ಸರಿಯಾಗಿ ಮಾಡಿಯೂ ಊರು ತಪ್ಪಿದ ಒಂದು ದಿನ ಕಾರಣ ಹುಡುಕಿ ಹುಡುಕಿ ಸಾಕಾಗಿ, ಕೊನೆಗೆ ಸಿಕ್ಕಿದ್ದು ಇದು.

ಸಣ್ಣ ವಿಮಾನವೆಂದರೆ ಎಲ್ಲವೂ ಹೊರಗಿನದು ಎಂದುಕೊಳ್ಳಬೇಕಿಲ್ಲ. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ವಿ. ಎಂ. ಘಾಟಗೆ ಅವರ ನೇತೃತ್ವದಲ್ಲಿ ರೂಪುಗೊಂಡ ಎಚ್‌ಟಿ-2 ತರಬೇತಿ ವಿಮಾನ 1951ರ ಆಗಸ್ಟ್‌ನಲ್ಲಿ ಹಾರಿತು. ಅಲ್ಲಿಯದೇ ಪುಷ್ಪಕ್ 1958ರಲ್ಲಿ ಬಂತು. ಮೇಲಿನ ರೆಕ್ಕೆ, ಅಕ್ಕಪಕ್ಕ ಎರಡು ಸೀಟು, ಬಾಲದಡಿ ಚಕ್ರ, ತೊಂಬತ್ತು ಅಶ್ವಶಕ್ತಿಯ ಎಂಜಿನ್. ದೇಶದ ಫ್ಲೈಯಿಂಗ್ ಕ್ಲಬ್ಬುಗಳಲ್ಲಿ ಒಂದು ತಲೆಮಾರು ಕಲಿತದ್ದು ಅದರಲ್ಲಿ. ಎನ್‌ಎಎಲ್‌ನ ಹಂಸ 1993ರಲ್ಲಿ ಮೊದಲು ಹಾರಿತು. 1948ರಲ್ಲಿ ಶುರುವಾದ ಜಕ್ಕೂರಿನ ಸರ್ಕಾರಿ ವೈಮಾನಿಕ ತರಬೇತಿ ಶಾಲೆ ಇಂದಿಗೂ ಇದೆ. ವಾಣಿಜ್ಯ ಪೈಲಟ್ ಲೈಸೆನ್ಸಿಗೆ ನಮ್ಮ ದೇಶದಲ್ಲಿ 200 ಗಂಟೆಯ ಹಾರಾಟ ಬೇಕು. ಉಪ್ಪರಿಗೆಯ ಕೋಣೆಯಲ್ಲಿ ಕಳೆದ ಗಂಟೆಗಳು ಅದಕ್ಕೆ ಸೇರುವುದಿಲ್ಲ. ಪುಷ್ಪಕ್ ಮಾತ್ರ ಸಿಮ್ಯುಲೇಟರಿನಲ್ಲಿ ಹಾರಿಸಲು ನನಗೆ ಬಹಳ ಆಸೆ. ಕನ್ನಡ ನಾಡಿನ ಹುಡುಗರ ಕಂಪ್ಯೂಟರಿನಲ್ಲಿ ಮೊದಲು ತೆರೆಯಬೇಕಾದ ವಿಮಾನ ಅದು.

2023ರ ಫೆಬ್ರವರಿ 27ರಂದು ಸೋಗಾನೆಯ ರಾಷ್ಟ್ರಕವಿ ಕುವೆಂಪು ವಿಮಾನ ನಿಲ್ದಾಣ ಉದ್ಘಾಟನೆಯಾಯಿತು, ಅದೇ ವರ್ಷದ ಆಗಸ್ಟ್ 31ಕ್ಕೆ ಬೆಂಗಳೂರಿನಿಂದ ಮೊದಲ ಪ್ರಯಾಣಿಕ ವಿಮಾನ ಬಂತು. ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯ ಕವಿಯ ಹೆಸರಿನ ರನ್‌ವೇ ಮೂರು ಕಿ.ಮೀ.ಗೂ ಹೆಚ್ಚು ಉದ್ದ, ನೇರ. ನಮ್ಮ ಗೆರೆಗಳಿಗೆ ಈಗ ಒಂದು ನೆಲ ಸಿಕ್ಕಿತು. ಸೋಗಾನೆಯಿಂದ ಸಾಗರಕ್ಕೆ ವಾಯವ್ಯದಲ್ಲಿ ಸುಮಾರು 70 ಕಿ.ಮೀ., ಅಲ್ಲಿಂದ ಹಳೆಯ ಎರಡು ಗೆರೆ, ತೀರ್ಥಹಳ್ಳಿಯಿಂದ ಮರಳಿ ಸೋಗಾನೆಗೆ 44. ಗಾಳಿಯಲ್ಲಿ ಶುರುವಾಗಿ ಗಾಳಿಯಲ್ಲೇ ಮುಗಿಯುತ್ತಿದ್ದ ಪ್ರಯಾಣ ನೆಲದಿಂದ ಎದ್ದು ನೆಲಕ್ಕೆ ಇಳಿಯುವಂತಾಯಿತು. ಏರುವಾಗ ಬಲಗಾಲು ತಾನಾಗಿಯೇ ಒತ್ತುತ್ತದೆ ಈಗ, ಯೋಚಿಸಬೇಕಿಲ್ಲ.

ಹೋದ ಮಾಗಿಯಲ್ಲಿ ಹುಡುಗ ಕೊನೆ ಕೊಯ್ಲಿಗೆ ರಜೆ ಹಾಕಿ ಬಂದಿದ್ದ. ಸಂಜೆ ಅಂಗಳದಲ್ಲಿ ಅಡಿಕೆ ಸುಲಿಯುವವರ ಮಾತು ಕೇಳುತ್ತ ಮೇಲೆ ಕೂತೆವು. ಮೋಡವಿಲ್ಲದ ಹವೆ. ಸಾಗರ ದಾಟಿ, ಟ್ರಿಮ್ ಕೂರಿಸಿ, ಅವನು ಎರಡೂ ಕೈ ತೊಡೆಯ ಮೇಲಿಟ್ಟುಕೊಂಡ. ಪಟಗುಪ್ಪದ ಕಡೆ ಹಿನ್ನೀರು ಬಂತು, ಹೋಯಿತು. ಒಂಬತ್ತು ನಿಮಿಷ ಕಳೆದು ಇಪ್ಪತ್ತು ಸೆಕೆಂಡಿಗೆ ಹೊಸನಗರದ ಕೆರೆ ಬಯಲು ಮೂಗಿನ ಕೆಳಗೆ ಸರಿಯಿತು. ಆಗ್ನೇಯಕ್ಕೆ ತಿರುಗಿಸಿ ಮತ್ತೆ ಸಮ ಮಾಡಿದ. ಈ ಎರಡನೇ ಗೆರೆ ಹಾಯುವ ಸೀಮೆಯಲ್ಲೇ ಶರಾವತಿ ಹುಟ್ಟುವ ಅಂಬುತೀರ್ಥ ಇದೆ. ರಾಮ ಅಂಬು ನೆಟ್ಟಲ್ಲಿ ನೀರು ಚಿಮ್ಮಿತೆಂಬುದು ಊರವರ ಕಥೆ. ಅಂಬು ನೇರ ಬಂದದ್ದೇ ಇರಬೇಕು. ಅಲ್ಲಿಂದ ಹೊರಟ ಹೊಳೆ ಮಾತ್ರ ತೀರ್ಥಹಳ್ಳಿ, ಹೊಸನಗರ, ಸಾಗರ ಮೂರೂ ತಾಲ್ಲೂಕನ್ನು ಸುತ್ತಿ ಬಳಸಿ ಜೋಗಕ್ಕೆ ಹೋಗಿ ಧುಮುಕುತ್ತದೆ.

ಕೆಳಗಿಂದ ಅತ್ತಿಗೆ ಕೂಗಿದರು, ಕಾಫಿ ತಣ್ಣಗಾಗುತ್ತಿದೆ ಎಂದು. ಹುಡುಗ ಫಲಕದ ಮುಳ್ಳುಗಳನ್ನೊಮ್ಮೆ, ನನ್ನನ್ನೊಮ್ಮೆ ನೋಡಿದ. "ಹೋಗ್ಲಿ ಬಿಡಿ ಚಿಕ್ಕಪ್ಪ, ಅದರ ಪಾಡಿಗೆ ಅದು ಹೋಗ್ಲಿ. ನೋಡೋಣ" ಅಂದು ಎದ್ದ. ಇಬ್ಬರೂ ಇಳಿದು ಹೋದೆವು.

ಲೋಟ ಹಿಡಿದು ಮೇಲೆ ಬರುವಾಗ ನಾಲ್ಕು ನಿಮಿಷ ಆಗಿತ್ತು. ಎಡ ರೆಕ್ಕೆ ಒಂದು ಬೆರಳಿನಷ್ಟು ತಗ್ಗಿತ್ತು. ದಿಕ್ಕು ಹತ್ತು ಡಿಗ್ರಿ ಸರಿದಿತ್ತು, ಎತ್ತರ ಎಂಬತ್ತು ಅಡಿ ಇಳಿದಿತ್ತು. ದೂರದಲ್ಲಿ, ಮೂಗಿನ ತುಸು ಬಲಕ್ಕೆ, ತುಂಗೆ ಬಿಸಿಲಲ್ಲಿ ಹೊಳೆಯುತ್ತಿದ್ದಳು. ಅವನು ಲೋಟ ಕೆಳಗಿಡದೆ, ಇನ್ನೊಂದು ಕೈಯ ಎರಡು ಬೆರಳನ್ನು ಕಡ್ಡಿಗೆ ತಾಗಿಸಿ, ಬಲಗಾಲನ್ನು ಹಲಸಿನ ಹಲಗೆಯ ಮೇಲೆ ಇಟ್ಟ.